ಯಾವ ಮಣ್ಣು, ಯಾರ ಕೈ

ನಾನು ಶಿಲ್ಪಕಲೆ ಓದುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಥಾಣೆಯ ಕೋಪರಿಯ ನಮ್ಮ ಕಟ್ಟಡದವರು ಕೇಳುವ ಪ್ರಶ್ನೆ ಒಂದೇ: "ಗಣಪತಿ ಮಾಡ್ತೀಯಾ?" 2024ರ ಜನವರಿಯಿಂದ ಈಚೆಗೆ ಇನ್ನೊಂದು ಪ್ರಶ್ನೆಯೂ ಅದರ ಜೊತೆ ಸೇರಿಕೊಂಡಿದೆ. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜರ ಹೆಸರು ಈಗ ಮನೆಮಾತು. "ಅವರ ಹಾಗೆ ಆಗ್ತೀಯಲ್ಲ?" ಎಂದು ಎದುರು ಮನೆಯ ಅಕ್ಕ ಪ್ರತಿ ಸಲ ಸಿಕ್ಕಾಗಲೂ ಕೇಳುತ್ತಾರೆ. ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆಗೆ ಜೀವ ತುಂಬಿದ ಶಿಲ್ಪಿಯೊಬ್ಬರ ಹೆಸರು ಥಾಣೆ ಪೂರ್ವದ ಮೂರನೇ ಮಾಳಿಗೆಯಲ್ಲೂ ಕೇಳಿಬರುವುದು ನನಗೆ ನಿಜವಾಗಿ ಸಂತೋಷದ ಸಂಗತಿ.

ಆದರೆ ಅದೇ ಅಕ್ಕನಿಗೆ ಶೀಲಾ ಗೌಡ ಯಾರೆಂದು ಗೊತ್ತಿಲ್ಲ. ಎಲ್.ಎನ್. ತಲ್ಲೂರ್ ಗೊತ್ತಿಲ್ಲ. ಸುದರ್ಶನ್ ಶೆಟ್ಟಿ ಎಂದರೆ "ಯಾವ ಹೋಟೆಲಿನವರು?" ಎಂದು ಕೇಳುತ್ತಾರೆ. ಒಬ್ಬರು ಭದ್ರಾವತಿಯಲ್ಲಿ ಹುಟ್ಟಿದವರು, ಇನ್ನೊಬ್ಬರು ಕುಂದಾಪುರದ ಪಕ್ಕದ ಕೋಟೇಶ್ವರದವರು, ಮತ್ತೊಬ್ಬರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲೇ ಬೆಳೆದವರು. ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಂಗಳು ಇವರ ಕೃತಿಗಳನ್ನು ಜತನದಿಂದ ಇಟ್ಟುಕೊಂಡಿವೆ. ಮುಂಬಯಿಯ ನಮ್ಮ ಕನ್ನಡ ಸಂಘಗಳ ಸನ್ಮಾನದ ಪಟ್ಟಿಯಲ್ಲಿ ಇವರ ಹೆಸರನ್ನು ನಾನು ಒಮ್ಮೆಯೂ ಕಂಡಿಲ್ಲ. ಇದಕ್ಕೆ ಕಾರಣ ಜನರ ಉದಾಸೀನ ಅಲ್ಲ. ಈ ಕಲೆಯ ಎದುರು ನಿಂತು ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಯಾರೂ ನಮಗೆ ಕನ್ನಡದಲ್ಲಿ ಹೇಳಿಕೊಟ್ಟಿಲ್ಲ, ಅಷ್ಟೇ. ಎರಡು ವರ್ಷ ಮಣ್ಣು ಕಲಸಿದ ಮೇಲೆ ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ನಮಗೆ ಶಿಲ್ಪವೆಂದರೆ ಮೂರ್ತಿ. ಮೂರ್ತಿಯ ಮುಂದೆ ನಿಂತು ನಾವು ಕೇಳುವುದು "ಇದು ಯಾರು?" ಎಂದು. ಕಾರ್ಕಳದ ಗೊಮ್ಮಟನಾಗಲಿ, ಬೇಲೂರಿನ ಮದನಿಕೆಯಾಗಲಿ, ಚೌಕದ ನಡುವಿನ ಶಿವಾಜಿ ಮಹಾರಾಜರಾಗಲಿ, ಯಾರೆಂದು ಗೊತ್ತಾದ ಮೇಲೆ ಎಷ್ಟು ಚೆನ್ನಾಗಿದೆ ಎಂದು ನೋಡುತ್ತೇವೆ. ಕಲ್ಲೋ ಕಂಚೋ ಎಂಬುದು ಕೊನೆಯ ಮಾತು. ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಈ ಸರದಿ ತಿರುವುಮುರುವಾಯಿತು. 1917ರಲ್ಲಿ ಮಾರ್ಸೆಲ್ ಡ್ಯೂಶಾಂ ಅಂಗಡಿಯಲ್ಲಿ ಸಿಗುವ ಪಿಂಗಾಣಿಯ ಮೂತ್ರದ ಬೇಸಿನ್ನನ್ನು ನ್ಯೂಯಾರ್ಕಿನ ಕಲಾಪ್ರದರ್ಶನಕ್ಕೆ ಕಳಿಸಿದ. ಪ್ರದರ್ಶನದವರು ಅದನ್ನು ಇಡಲು ಒಪ್ಪಲಿಲ್ಲ. ಆ ಮೂಲ ವಸ್ತುವೂ ಆಮೇಲೆ ಕಳೆದುಹೋಯಿತು. ಆದರೆ ಅದು ಕಲೆಯೇ ಅಲ್ಲವೇ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಇಂಥ ತಿರುವು ಬಂದದ್ದು ಹೆಚ್ಚು ಮಾನವೀಯವಾಗಿ. 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ರಾಮಕಿಂಕರ್ ಬೈಜ್ ಗಂಟುಮೂಟೆ ಹೊತ್ತು ಊರು ಬಿಟ್ಟು ಹೊರಟ ಸಂತಾಲ ಕುಟುಂಬವನ್ನು ಮಾಡಿದರು. ಬಳಸಿದ್ದು ಅಮೃತಶಿಲೆಯೂ ಅಲ್ಲ, ಕಂಚೂ ಅಲ್ಲ. ಸಿಮೆಂಟು, ಮತ್ತು ನಮ್ಮೂರಲ್ಲಿ ಮುರಕಲ್ಲು ಎನ್ನುತ್ತೇವಲ್ಲ, ಆ ಕೆಂಪು ಕಲ್ಲಿನ ಜಲ್ಲಿ. ಆ ಕುಟುಂಬ ನಡೆಯುವ ದಾರಿ ಯಾವ ಮಣ್ಣಿನದೋ ಅವರ ಮೈಯೂ ಅದೇ ಮಣ್ಣಿನದು. ಇದನ್ನು ತಿಳಿದ ದಿನ ನನಗೆ ಪಠ್ಯದ ಅರ್ಧ ಅರ್ಥವಾಯಿತು.

ಈಗಿನ ಶಿಲ್ಪದ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆ "ಇದು ಯಾವುದರಿಂದ ಆಗಿದೆ? ಇಲ್ಲಿಗೆ ಬರುವ ಮೊದಲು ಎಲ್ಲಿತ್ತು? ಯಾರ ಕೈಯಲ್ಲಿತ್ತು?" ಎಂಬುದು. ಈ ಪ್ರಶ್ನೆಗೆ ಉತ್ತರ ಹುಡುಕಲು ಇಂಗ್ಲಿಷ್ ಪುಸ್ತಕ ಬೇಡ. ಊರು ಬಿಟ್ಟು ಬಂದವರ ಮನೆಯಲ್ಲಿ ಪ್ರತಿಯೊಂದು ಟ್ರಂಕಿಗೂ ತಂಬಿಗೆಗೂ ಒಂದು ಕಥೆ ಇರುತ್ತದೆ. ಮುಂಬಯಿ ಕನ್ನಡಿಗರಿಗೆ ವಸ್ತುವಿನ ಕಥೆ ಕೇಳುವುದನ್ನು ಯಾರೂ ಕಲಿಸಬೇಕಿಲ್ಲ.

ಇನ್‌ಸ್ಟಲೇಷನ್ ಎಂಬ ಮಾತಿಗೆ ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ ಎಂದಿದ್ದಾರೆ. ಕೆಲವರಿಗೆ ಈ ಪದ ಭಾರ ಎನಿಸುತ್ತದೆ, ನನಗೆ ಬಹಳ ಹಿಡಿಸಿದೆ. ಒಂದು ವಸ್ತುವನ್ನು ಪೀಠದ ಮೇಲಿಟ್ಟು ದೂರದಿಂದ ತೋರಿಸುವುದು ಇಲ್ಲಿನ ಕ್ರಮವಲ್ಲ. ಒಂದು ಕೋಣೆಯನ್ನೋ ಅಂಗಳವನ್ನೋ ಇಡಿಯಾಗಿ ಕೃತಿಯಾಗಿಸಿ, ನೋಡುವವರನ್ನು ಅದರೊಳಗೆ ನಡೆಸುತ್ತಾರೆ. ಪ್ರದರ್ಶನ ಮುಗಿದ ಮೇಲೆ ಹೆಚ್ಚಿನವನ್ನು ಬಿಚ್ಚಿಡುತ್ತಾರೆ. ಇದು ಹೊರಗಿನಿಂದ ಬಂದ ವಿಚಿತ್ರ ಎಂದು ನಾವು ಅಂದುಕೊಂಡಿದ್ದೇವೆ. ಕರಾವಳಿಯ ನಾಗಮಂಡಲವನ್ನು ನೆನೆಸಿಕೊಳ್ಳಿ. ಐದು ಬಣ್ಣದ ಹುಡಿಯಲ್ಲಿ ಗಂಟೆಗಟ್ಟಲೆ ಬಿಡಿಸಿದ ಆ ಮಂಡಲ ಬೆಳಗಾಗುವ ಹೊತ್ತಿಗೆ ಅಳಿಸಿ ಪ್ರಸಾದವಾಗುತ್ತದೆ. ಭೂತಕೋಲಕ್ಕೆ ಕಟ್ಟುವ ಅಣಿ, ಎಳೆಯ ತೆಂಗಿನ ಗರಿಯ ಸಿರಿ ಆ ಒಂದು ರಾತ್ರಿಗೆ ಮಾತ್ರ. ಕೋಪರಿಯಲ್ಲಿ ಗಣೇಶೋತ್ಸವದ ಮಂಡಳಗಳು ಹಾಕುವ ದೇಖಾವೆಯನ್ನು ಜನ ಸಾಲು ನಿಂತು ಒಳಗೆ ಹೊಕ್ಕು ನೋಡುತ್ತಾರೆ. ಹತ್ತು ದಿನದ ಮೇಲೆ ಮೂರ್ತಿ ನೀರಿಗೆ, ಬಿದಿರು ಗೋದಾಮಿಗೆ. ಕಟ್ಟುವುದು, ಕಳಚುವುದು ಎರಡೂ ನಮ್ಮ ಮನೆಯ ಸಂಪ್ರದಾಯವೇ.

ಶೀಲಾ ಗೌಡರಿಂದ ಶುರುಮಾಡುತ್ತೇನೆ. ನನ್ನ ಮನಸ್ಸಿನಲ್ಲಿ ಅವರಿಗೇ ಮೊದಲ ಮಣೆ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಮೊದಲು ಚಿತ್ರ ಬರೆಯುತ್ತಿದ್ದರು. ಆರ್.ಎಂ. ಹಡಪದ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್. ಇಷ್ಟೆಲ್ಲ ಓದಿ ಬಂದವರು 1992ರ ಕೋಮುಗಲಭೆಗಳ ನಂತರದ ಆ ಕೆಟ್ಟ ಕಾಲದಲ್ಲಿ ಬಣ್ಣದ ಟ್ಯೂಬನ್ನು ಬದಿಗಿಟ್ಟು ಸೆಗಣಿಯನ್ನು ಕೈಗೆತ್ತಿಕೊಂಡರು. ಆ ಚಳಿಗಾಲದಲ್ಲಿ ಮುಂಬಯಿ ಹೇಗೆ ಹೊತ್ತಿ ಉರಿಯಿತೆಂದು ನಮ್ಮ ಹಿರಿಯರಿಗೆ ಗೊತ್ತು. ಅಂಥ ಹೊತ್ತಿನಲ್ಲಿ ಸೆಗಣಿ ಯಾಕೆ? ಯೋಚಿಸಿ ನೋಡಿ. ಅಂಗಳ ಸಾರಿಸುವುದು ಅದರಿಂದ, ಒಲೆಗೆ ಉರುವಲು ಅದೇ, ಪೂಜೆಯಲ್ಲಿ ಪವಿತ್ರ ಅದೇ. ಮತ್ತು ಇಷ್ಟೆಲ್ಲ ಕೆಲಸವನ್ನು ದಿನವೂ ಬಗ್ಗಿ ಮಾಡುವ ಕೈ ಹೆಂಗಸರದ್ದು. ಧರ್ಮದ ಹೆಸರಿನಲ್ಲಿ ಬೀದಿಯಲ್ಲಿ ರಕ್ತ ಹರಿಯುವಾಗ ಅವರು ಆ ಅಂಗಳದ ಕೈಕೆಲಸದ ಕಡೆ ನಮ್ಮ ಕಣ್ಣು ತಿರುಗಿಸಿದರು. ಒಂದು ಘೋಷಣೆಯನ್ನೂ ಬರೆಯಲಿಲ್ಲ.

1998ರಲ್ಲಿ ಮೊದಲು ಮಾಡಿದ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬ ಕೃತಿಯನ್ನು ನಾನು ಫೋಟೊದಲ್ಲೇ ನೋಡಿದ್ದು. ಆದರೂ ಬೆನ್ನಲ್ಲಿ ಚಳುಕು ಬಂತು. ಬಿಳಿ ಗೋಡೆಯ ಕೋಣೆಯಲ್ಲಿ ಕೆಂಪು ಹಗ್ಗವೊಂದು ನೆಲದ ಮೇಲೆ ಸುರುಳಿ ಸುತ್ತಿಕೊಂಡು, ಗೋಡೆ ಹತ್ತಿ, ಮತ್ತೆ ಇಳಿದು ಹೋಗುತ್ತದೆ. ದೂರದಿಂದ ಕರುಳಿನ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ತೂಗುತ್ತಿರುತ್ತದೆ. ಅಷ್ಟು ಉದ್ದದ ದಾರವನ್ನು ಒಂದೊಂದು ಸೂಜಿಯ ಕಣ್ಣಿನಿಂದಲೂ ಎಳೆದು, ಎಲ್ಲವನ್ನೂ ಒಟ್ಟುಮಾಡಿ, ಕುಂಕುಮ ಮತ್ತು ಅಂಟು ಹಚ್ಚಿ ಹಗ್ಗ ಮಾಡಿದ್ದಾರೆ. ನನ್ನ ಅಮ್ಮ ಬ್ಲೌಸಿಗೆ ಫಾಲಿಗೆ ಹೊಲಿಗೆ ಹಾಕುವವಳು. ಫೋಟೊ ತೋರಿಸಿದಾಗ ಅವಳು ಹಗ್ಗವನ್ನು ನೋಡಲಿಲ್ಲ, ಸೂಜಿಗಳನ್ನೇ ನೋಡಿದಳು. "ಇಷ್ಟು ದಾರ ಎಳೆಯುವಾಗ ಬೆರಳು ಏನಾಗಿರಬೇಕು" ಎಂದಳು. ಆ ಕೃತಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಅಷ್ಟು ನೇರವಾಗಿ ಅದರ ಮರ್ಮ ಮುಟ್ಟಿಲ್ಲ.

ಇನ್ನು 'ಬಿಹೋಲ್ಡ್'. 2009ರ ವೆನಿಸ್ ಬಿನಾಲೆಯಲ್ಲಿ ತೋರಿಸಿದ್ದು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4 ಕಿಲೋಮೀಟರ್ ಉದ್ದದ ಹಗ್ಗ, ಮತ್ತು 20 ಕಾರುಗಳ ಬಂಪರು. ಕೂದಲು ಹರಕೆಗಾಗಿ ದೇವಸ್ಥಾನಗಳಲ್ಲಿ ಮುಡಿ ಕೊಟ್ಟವರದ್ದು. ಹೊಳೆಯುವ ಉಕ್ಕಿನ ಬಂಪರುಗಳನ್ನು ಆ ಕಪ್ಪು ಹಗ್ಗ ಎತ್ತಿ ಹಿಡಿದು ತೂಗುಹಾಕಿದೆ. ವೆನಿಸ್ಸಿನಲ್ಲಿ ನೋಡಿದವರಿಗೆ ಇದರ ಹಿನ್ನೆಲೆಯನ್ನು ಫಲಕದಲ್ಲಿ ವಿವರಿಸಬೇಕಾಗಿತ್ತು. ನಮಗೆ ಬೇಕೇ? ಕೋಪರಿ ಸೇತುವೆಯ ಮೇಲೆ ಸಂಜೆ ಟ್ರಾಫಿಕ್ ಜಾಮಿನಲ್ಲಿ ನಿಂತ ಕೆಎ ನಂಬರಿನ ಲಾರಿಗಳನ್ನು ನೋಡಿ. ಬಂಪರಿಗೆ ದೃಷ್ಟಿ ತಾಗಬಾರದೆಂದು ಕಟ್ಟಿದ ಕಪ್ಪು ಕೂದಲ ಹಗ್ಗ ಅಲ್ಲಿದೆ. ಟನ್ನುಗಟ್ಟಲೆ ಕಬ್ಬಿಣವನ್ನು ಕಾಯಲು ಒಂದು ಜಡೆಯಷ್ಟು ಕೂದಲು ಸಾಕೆಂದು ನಂಬಿದ ಡ್ರೈವರ್ ಇದ್ದಾನೆ. ಯಾವುದೋ ಊರಿನ ತಾಯಿಯೊಬ್ಬಳು ಮಗುವಿನ ಜ್ವರ ಇಳಿಯಲೆಂದು ಹರಕೆ ಹೊತ್ತು ಕೊಟ್ಟ ಮುಡಿ ಆ ಹಗ್ಗದಲ್ಲಿರಬಹುದು. ಹರಕೆ ಮತ್ತು ಹೆದರಿಕೆ ಎರಡೂ ಒಂದೇ ಹುರಿಯಲ್ಲಿ ಸೇರಿರುವುದನ್ನು ಆ ಕೃತಿ ಕಣ್ಣಿಗೆ ಕಟ್ಟಿಸುತ್ತದೆ. ಅದನ್ನು ತಿಳಿದ ಮೇಲೆ ನಾನು ಲಾರಿಯ ಮುಂಭಾಗವನ್ನು ಮೊದಲಿನ ಹಾಗೆ ನೋಡಲಾರೆ.

ಅವರ ಇನ್ನೊಂದು ಕೃತಿಯ ಹೆಸರೇ ಕನ್ನಡ: 'ಕಾಗೆಬಂಗಾರ', 2008. ಹೊಲದ ಬದುವಿನಲ್ಲಿ ಮಿರಿಮಿರಿ ಹೊಳೆಯುವ ಅಭ್ರಕದ ಚೂರುಗಳನ್ನು ಚಿಕ್ಕಂದಿನಲ್ಲಿ ಆರಿಸಿದವರಿಗೆ ಈ ಹೆಸರು ಕೇಳಿದೊಡನೆ ನಗು ಬರುತ್ತದೆ. ಇದರಲ್ಲಿ ಅವರು ಬಳಸಿದ್ದು ಅಭ್ರಕ, ಮತ್ತು ರಸ್ತೆಗೆ ಹಾಕುವ ಟಾರಿನ ಡ್ರಮ್ಮುಗಳು. 2006ರ 'ಡಾರ್ಕ್‌ರೂಮ್' ಕೂಡ ಟಾರ್ ಡ್ರಮ್ಮುಗಳದ್ದೇ. ಹೊರಗಿನಿಂದ ಕಂಬಗಳಿರುವ ಕೋಟೆಯಂತೆ ಕಾಣುವ ಆ ಕೋಣೆಗೆ ಬಗ್ಗಿಕೊಂಡೇ ಹೋಗಬೇಕು. ಒಳಗೆ ಕತ್ತಲೆ. ತಲೆಯ ಮೇಲಿನ ತಗಡಿನಲ್ಲಿ ಸಣ್ಣ ಸಣ್ಣ ತೂತುಗಳು, ಅವುಗಳಿಂದ ಬೆಳಕು ತೂರಿ ನಕ್ಷತ್ರ ತುಂಬಿದ ಆಕಾಶ. ರಸ್ತೆ ಕೆಲಸದವರು ಖಾಲಿ ಡ್ರಮ್ಮು ಸೀಳಿ ಚಪ್ಪಟೆ ಮಾಡಿ ಅದರಲ್ಲೇ ಗುಡಿಸಲು ಕಟ್ಟಿಕೊಳ್ಳುತ್ತಾರೆ. ಈ ಕೃತಿ ಅಲ್ಲಿಂದ ಬಂದದ್ದು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಬೆಳಗ್ಗೆ ನಾಕಾದಲ್ಲಿ ಬುತ್ತಿ ಹಿಡಿದು ನಿಲ್ಲುವ ನಮ್ಮದೇ ಭಾಷೆಯ ಜನ ಈ ನಗರದ ರಸ್ತೆ, ಗಟಾರ, ಗೋಪುರಗಳನ್ನು ಕಟ್ಟಿದ್ದಾರೆ. ಅವರ ತಲೆಯ ಮೇಲಿನ ತೂತು ತಗಡನ್ನು ಆಕಾಶವಾಗಿ ಕಾಣುವುದಕ್ಕೆ ಕರುಣೆಯ ಜೊತೆಗೆ ಗೌರವವೂ ಬೇಕು. 2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಮುಂಬಯಿಯ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಆ ಸುದ್ದಿ ಮುಟ್ಟಿತು?

ಸುದರ್ಶನ್ ಶೆಟ್ಟಿ ಅವರ ದಾರಿ ಬೇರೆ. 1961ರಲ್ಲಿ ಹುಟ್ಟಿದವರು, ಜೆ.ಜೆ. ಕಲಾಶಾಲೆಯಲ್ಲಿ ಓದಿದವರು. ತಂದೆ ಯಕ್ಷಗಾನ ಕಲಾವಿದರು. ಈ ಕೊನೆಯ ಮಾತನ್ನು ಮರೆಯಬಾರದು ಎನ್ನುತ್ತೇನೆ. ಅವರ ಕೃತಿಗಳಲ್ಲಿ ವೇಷ ಇದೆ, ಯಂತ್ರದಿಂದ ಅಲುಗಾಡುವ ಚಲನೆ ಇದೆ, ಬೆಳಗಾದರೆ ಎಲ್ಲ ಮುಗಿಯಿತು ಎಂಬ ರಂಗಸ್ಥಳದ ಅರಿವಿದೆ. 2012ರಲ್ಲಿ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಅವರು ನಿಲ್ಲಿಸಿದ 'ಫ್ಲೈಯಿಂಗ್ ಬಸ್' ಎಂದರೆ ಬೆಸ್ಟ್‌ನ ಡಬಲ್ ಡೆಕ್ಕರ್ ಬಸ್ಸಿನ ಮಾದರಿಗೆ ಉಕ್ಕಿನ ರೆಕ್ಕೆ ಹಚ್ಚಿದ್ದು. ಆಗ ಅದು ಕನಸಿನ ಚಿತ್ರ. 2023ರ ಸೆಪ್ಟೆಂಬರ್ 15ರಂದು ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಕೊನೆಯ ಬಾರಿಗೆ ಓಡಿತು. ಜನ ಅದಕ್ಕೆ ಹಾರ ಹಾಕಿ ಕಳಿಸಿಕೊಟ್ಟರು. ಆ ದಿನದಿಂದ ರೆಕ್ಕೆಗಳ ಅರ್ಥವೇ ಬದಲಾಯಿತು, ಹಾರಿಹೋದದ್ದು ನಿಜವಾಯಿತು. ಕೃತಿ ಇದ್ದಲ್ಲೇ ಇದ್ದು ಕಾಲ ಅದರ ಅರ್ಥ ಬೆಳೆಸುವುದು ಹೀಗೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಒಡೆದ ಪಿಂಗಾಣಿ. 2014ರ ಒಂದು ಪ್ರದರ್ಶನದಲ್ಲಿ ಅವರು ಮುರಿದ ಕಪ್ಪು, ಜಗ್ಗು, ತಟ್ಟೆಗಳನ್ನಿಟ್ಟು, ಇಲ್ಲವಾದ ಭಾಗವನ್ನು ಮರದಲ್ಲಿ ಕೆತ್ತಿ ಕೂಡಿಸಿದ್ದರು. ಬಿಳಿ ಪಿಂಗಾಣಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಕಂದು ಮರ ಶುರು. ಬೆಸುಗೆಯನ್ನು ಮುಚ್ಚಿಲ್ಲ. ಗಾಯ ಎಲ್ಲಾಯಿತು, ಮದ್ದು ಎಲ್ಲಿಂದ ಬಂತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ನನ್ನ ಅಪ್ಪಯ್ಯ ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಒಂದು ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯುತ್ತ ಮುಂಬಯಿಯ ಜೀವನ ಶುರುಮಾಡಿದವರು. ಒಡೆದ ಪ್ರತಿ ಕಪ್ಪಿಗೂ ಗಲ್ಲಾದ ಪಕ್ಕದ ಪುಸ್ತಕದಲ್ಲಿ ಗೀಟು ಬೀಳುತ್ತಿತ್ತು, ತಿಂಗಳ ಕೊನೆಗೆ ಸಂಬಳದಲ್ಲಿ ಹಿಡಿಯುತ್ತಿದ್ದರು. ಫೋಟೊ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಒಡ್ದ್ ಹೋದ್ದ್ ಹೋಯ್ತ್. ಅದನ್ ಜೋಡ್ಸುಕೆ ಕೂಕಂಡ್ರೆ ಹೋಟ್ಲ್ ನಡುದಿಲ್ಲ ಹೆಣೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಫೋನನ್ನು ಮತ್ತೆ ಕೇಳಿ ಪಡೆದು ನೋಡಿದರು. ಆ ಎರಡನೇ ನೋಟಕ್ಕೆ ಒಂದು ಕೃತಿ ಮಾಡಿಟ್ಟ ಸಾರ್ಥಕತೆ ಇದೆ ಎಂದು ನಾನು ನಂಬಿದ್ದೇನೆ.

ಶೆಟ್ಟಿ ಅವರ 'ಶೂನ್ಯ ಘರ್' 2016ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಇತ್ತು. ಹಳೆಯ ಮರದಿಂದ ಕಟ್ಟಿದ ಬಾಗಿಲು, ಕಂಬ, ಚೌಕಟ್ಟುಗಳು, ಜೊತೆಗೆ ಒಂದು ಚಲನಚಿತ್ರ. ಗೋರಖನಾಥರ ನಿರ್ಗುಣ ಪದದಿಂದ ಹುಟ್ಟಿದ್ದು. ನಿರ್ಗುಣ ಪದಗಳನ್ನು ಈ ಕಾಲದ ಕಿವಿಗೆ ಮುಟ್ಟಿಸಿದ ಕುಮಾರ ಗಂಧರ್ವರು ಬೆಳಗಾವಿಯ ಸುಳೇಭಾವಿಯವರು. ಅಲ್ಲಮನ ನಾಡಿನವರಿಗೆ ಶೂನ್ಯ ಎಂಬ ಮಾತಿಗೆ ಅರ್ಥ ಹೇಳಿಕೊಡಬೇಕಿಲ್ಲ. ಅದೇ ವರ್ಷ ಶೆಟ್ಟಿ ಅವರು ಕೊಚ್ಚಿ ಮುಜಿರಿಸ್ ಬಿನಾಲೆಯ ಸಂಯೋಜಕರೂ ಆಗಿದ್ದರು.

ತಲ್ಲೂರರ ಬಗ್ಗೆ ಬರೆಯುವಾಗ ನನಗೆ ಊರಿನ ಅಭಿಮಾನ ಅಡ್ಡ ಬರುತ್ತದೆ, ಓದುಗರು ಮನ್ನಿಸಬೇಕು. 1971ರಲ್ಲಿ ಕೋಟೇಶ್ವರದಲ್ಲಿ ಹುಟ್ಟಿದವರು. ಮೈಸೂರಿನ ಚಾಮರಾಜೇಂದ್ರ ಅಕಾಡೆಮಿಯಲ್ಲಿ ಚಿತ್ರಕಲೆ, ಬರೋಡಾದಲ್ಲಿ ಮ್ಯೂಸಿಯಂ ಶಾಸ್ತ್ರ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಮಕಾಲೀನ ಕಲೆ. ಈಗ ಊರಿಗೂ ದಕ್ಷಿಣ ಕೊರಿಯಾದ ಡೇಗು ನಗರಕ್ಕೂ ಓಡಾಡಿಕೊಂಡಿದ್ದಾರೆ. ನಡುವೆ ಮ್ಯೂಸಿಯಂ ಶಾಸ್ತ್ರ ಓದಿದ್ದನ್ನು ಗಮನಿಸಿ. ಗರ್ಭಗುಡಿಯಲ್ಲಿ ದೇವರಾಗಿದ್ದ ಮೂರ್ತಿ ಮ್ಯೂಸಿಯಂಗೆ ಬಂದ ಮೇಲೆ ನಂಬರು ಅಂಟಿಸಿಕೊಂಡ ವಸ್ತುವಾಗುವುದು ಹೇಗೆ ಎಂಬುದನ್ನು ಅವರು ಒಳಗಿನಿಂದ ಕಂಡವರು. 2011ರ 'ಯೂನಿಕೋಡ್' ಕೃತಿಯಲ್ಲಿ ನಟರಾಜನ ಕಂಚಿನ ಪ್ರಭಾವಳಿ ಹಾಗೆಯೇ ಇದೆ, ಜ್ವಾಲೆಗಳೂ ಇವೆ. ಕುಣಿಯುವ ಶಿವನಿರಬೇಕಾದ ಜಾಗದಲ್ಲಿ ಮಾತ್ರ ನಾಣ್ಯಗಳು ಹುದುಗಿದ ಕಾಂಕ್ರೀಟಿನ ಮುದ್ದೆ. ಫ್ಲ್ಯಾಟಿನ ಸಾಲ ಕಟ್ಟುತ್ತಲೇ ಅರ್ಧ ಆಯುಷ್ಯ ಕಳೆಯುವ ನಮ್ಮ ಡೊಂಬಿವಲಿ, ಕಲ್ಯಾಣದ ಜನರಿಗೆ ಕಾಂಕ್ರೀಟಿನೊಳಗೆ ನಾಣ್ಯ ಯಾಕೆ ಹುದುಗಿದೆ ಎಂದು ವಿವರಿಸಬೇಕೆ?

2012ರ ಡಿಸೆಂಬರ್ 12ರಂದು ಕೊಚ್ಚಿಯಲ್ಲಿ ಮೊದಲ ಬಿನಾಲೆ ಶುರುವಾದಾಗ ತಲ್ಲೂರರು ಅಲ್ಲಿ ಹೆಂಚಿನ ಮಾಡು ಕಟ್ಟಿದರು. ಮಂಗಳೂರು ಹೆಂಚಿನ ಇಳಿಜಾರು, ಅದರ ಮೇಲೆ ಹಠಯೋಗದ ಭಂಗಿಗಳಲ್ಲಿ ಪುಟ್ಟ ಪುಟ್ಟ ಮಣ್ಣಿನ ಆಕೃತಿಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಧರ್ಮಪ್ರಚಾರಕ್ಕೆ ಬಂದವರು ನದಿಯ ಜೇಡಿಯನ್ನು ಒತ್ತಿ ಸುಟ್ಟು ಒಂದು ಉದ್ಯಮವನ್ನೇ ಬಿಟ್ಟುಹೋದರು. ಅದೇ ಹೆಂಚು ಮುಂಬಯಿಯ ಚಾಳುಗಳ ಮಾಡಿನ ಮೇಲೂ ಬಂದು ಕೂತಿತು. ನನ್ನ ಅಜ್ಜಿ ಕುಂದಾಪುರದ ಹೆಂಚಿನ ಕಾರ್ಖಾನೆಯಲ್ಲಿ ತಲೆಹೊರೆ ಕೆಲಸ ಮಾಡಿದವರು. ಹಸಿ ಹೆಂಚು ಹೊತ್ತು ಹೊತ್ತು ನೆತ್ತಿಯ ಒಂದು ಕಡೆ ಕೂದಲೇ ಬರುತ್ತಿರಲಿಲ್ಲ. ಆ ಕೃತಿಯ ಚಿತ್ರ ನೋಡಿದಾಗ ನನಗೆ ಯೋಗಿಗಳಿಗಿಂತ ಮೊದಲು ಅಜ್ಜಿಯ ತಲೆ ನೆನಪಾಯಿತು. ಬೆನ್ನು ಬಗ್ಗಿಸಿ, ಕುತ್ತಿಗೆ ಸೆಟೆಸಿ, ಭಾರ ತಡೆದು ನಿಲ್ಲುವ ಆ ಭಂಗಿಗಳು ಕಾರ್ಖಾನೆಯ ಹೆಂಗಸರಿಗೆ ಹೊಸವಲ್ಲ. 2012ನೇ ಸಾಲಿನ ಸ್ಕೋಡಾ ಪ್ರಶಸ್ತಿ ತಲ್ಲೂರರಿಗೆ ಬಂತು.

ಇದೇ ಜಾಡಿನಲ್ಲಿ ಘಾನಾ ದೇಶದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಕೆಲಸ ಮಾಡಿದ ಎಲ್ ಅನಾಟ್ಸುಯಿ ಅವರ ಹೆಸರನ್ನೂ ಹೇಳಬೇಕು. ಹೆಂಡದ ಬಾಟಲಿಯ ಮುಚ್ಚಳಗಳನ್ನು ಚಪ್ಪಟೆ ಮಾಡಿ ತಾಮ್ರದ ತಂತಿಯಲ್ಲಿ ಹೆಣೆದು ಗೋಡೆ ತುಂಬುವ ಜರಿ ಬಟ್ಟೆಯಂಥ ಕೃತಿ ಮಾಡುತ್ತಾರೆ. ಆಫ್ರಿಕಾದ ಗುಲಾಮರ ವ್ಯಾಪಾರದಲ್ಲಿ ಹೆಂಡವೂ ಒಂದು ವಿನಿಮಯದ ಸರಕಾಗಿತ್ತು. 2015ರಲ್ಲಿ ವೆನಿಸ್ಸಿನಲ್ಲಿ ಅವರ ಜೀವಮಾನದ ಸಾಧನೆಗೆ ಸ್ವರ್ಣ ಸಿಂಹ ಕೊಟ್ಟರು. ಬಾರುಗಳಲ್ಲಿ ರಾತ್ರಿ ಎರಡರ ತನಕ ನಿಂತು ದುಡಿದ ನಮ್ಮ ಹುಡುಗರು ಎಷ್ಟು ಮುಚ್ಚಳ ಗುಡಿಸಿಲ್ಲ!

ಇಷ್ಟು ಹೇಳಿದರೂ ಒಂದು ಮಾತು ಉಳಿಯುತ್ತದೆ. "ಇದನ್ನು ಯಾರು ಬೇಕಾದರೂ ಮಾಡಬಹುದಲ್ಲ?" ಎಂಬ ಪ್ರಶ್ನೆ ಸುಳ್ಳಲ್ಲ. ಪಕ್ಕದ ಫಲಕ ತೆಗೆದರೆ ಏನೂ ಉಳಿಯದ ಕೃತಿಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಹಳೆ ಚಪ್ಪಲಿಗಳ ರಾಶಿ ಹಾಕಿ, ಗೋಡೆಯ ಮೇಲೆ ಎರಡು ಪುಟ ಕಠಿಣ ಇಂಗ್ಲಿಷ್ ಅಂಟಿಸಿ, ಅರ್ಥವಾಗದಿದ್ದರೆ ತಪ್ಪು ನಿಮ್ಮದು ಎಂಬಂತೆ ನಿಲ್ಲುವ ಪ್ರದರ್ಶನಗಳಿವೆ. ಕೊಲಾಬಾದ ಗ್ಯಾಲರಿಗಳ ಗಾಜಿನ ಬಾಗಿಲು ತಳ್ಳಲು ನನ್ನ ಅಮ್ಮ ಇವತ್ತಿಗೂ ಹಿಂಜರಿಯುತ್ತಾಳೆ. ಆ ಹಿಂಜರಿಕೆಯ ಹೊಣೆ ಅವಳದ್ದಲ್ಲ, ಆ ಬಾಗಿಲಿನದ್ದು. ನನ್ನ ಅಳತೆಗೋಲು ಇಷ್ಟೇ. ಫಲಕ ಓದದೆ ಕೃತಿಯ ಮುಂದೆ ಐದು ನಿಮಿಷ ನಿಲ್ಲುತ್ತೇನೆ. ವಸ್ತುವೇ ತನ್ನ ಬಗ್ಗೆ ಒಂದಾದರೂ ಮಾತು ಹೇಳಬೇಕು. ಮಾಡಿದವರ ಶ್ರಮ, ಬೆರಳು, ಕಾಯುವಿಕೆ ಅದರಲ್ಲಿ ಕಾಣಬೇಕು. ಶೀಲಾ ಗೌಡರ ಸೂಜಿಗಳಲ್ಲಿ ಅದು ಕಾಣುತ್ತದೆ. ಚಪ್ಪಲಿಯ ರಾಶಿಯಲ್ಲಿ ಕಾಣಲಿಲ್ಲ.

ಕಲ್ಲು ಕೆತ್ತುವವರಿಗಿಂತ ಇವರು ಮೇಲೆಂದು ನಾನು ಎಂದೂ ಹೇಳುವುದಿಲ್ಲ. ಉಳಿ ಹಿಡಿಯುವ ಕೈಗೆ ನನ್ನ ನಮಸ್ಕಾರ ಯಾವತ್ತೂ ಇದೆ. ಒಂದು ಮುಖದ ಮಣ್ಣಿನ ಮಾದರಿ ಮುಗಿಸಲು ನನಗೇ ಮೂರು ವಾರ ಬೇಕು. ದಿನವೂ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಮರುದಿನ ಬಿಚ್ಚಿ ನೋಡಿದಾಗ ಮೂಗು ಜಾರಿರುವ ಸಂಕಟ ನನಗೆ ಗೊತ್ತು. ಈ ಕಸುಬು ಕೈಗೆ ಬಂದವರಿಗೇ ವಸ್ತುವಿನ ಜೊತೆ ಹೊಸ ಮಾತು ಆಡುವ ಹಕ್ಕು ಸಿಗುತ್ತದೆ ಎಂದೇ ನಾನು ತಿಳಿದಿದ್ದೇನೆ.

ಕಳೆದ ವರ್ಷ ನಾನೂ ಒಂದು ಪ್ರಯತ್ನ ಮಾಡಿದೆ. ಕೋಪರಿಯ ತುದಿಯಲ್ಲಿ ಮೀಠ್ ಬಂದರ್ ಇದೆ. ಮೀಠ್ ಎಂದರೆ ಮರಾಠಿಯಲ್ಲಿ ಉಪ್ಪು. ಈಗ ಅಲ್ಲಿ ಖಾಡಿಯ ನೀರು, ಕಾಂಡ್ಲಾ ಗಿಡಗಳು, ಚಳಿಗಾಲದಲ್ಲಿ ದೂರದಲ್ಲಿ ಗುಲಾಬಿ ಗೀಟಿನಂತೆ ಕಾಣುವ ಫ್ಲೆಮಿಂಗೊಗಳು. ಅಲ್ಲಿನ ಕೋಳಿ ಸಮುದಾಯದ ಮೀನುಗಾರ ಅಜ್ಜ ಒಬ್ಬರನ್ನು ಕೇಳಿ ದಡದಿಂದ ಒಂದು ಬಕೆಟ್ ಕೆಸರು ತಂದೆ. ಕಾಲೇಜಿನಲ್ಲಿ ಕೊಡುವ ಶಾಡು ಮಣ್ಣಿನ ಬದಲು ಅದರಲ್ಲೇ ಅಪ್ಪಯ್ಯನ ಕೈ ಮಾಡಿದೆ. ನೀರು ತುಂಬಿದ ಗ್ಲಾಸುಗಳನ್ನು ಒಂದೇ ಕೈಯಲ್ಲಿ ಬೆರಳು ಕೊಟ್ಟು ಹಿಡಿಯುತ್ತಾರಲ್ಲ, ಹೋಟೆಲಿನವರ ಆ ಹಿಡಿತ. ನಾಲ್ಕು ಗ್ಲಾಸುಗಳನ್ನಿಟ್ಟು ಬೆರಳು ಕೂಡಿಸಿ, ಕೊನೆಗೆ ಗ್ಲಾಸು ತೆಗೆದುಬಿಟ್ಟೆ. ಕೈ ಉಳಿಯಿತು, ಹಿಡಿದದ್ದು ಇಲ್ಲ.

ನಾಲ್ಕನೇ ದಿನ ನೋಡಿದರೆ ಬೆರಳ ಗಿಣ್ಣುಗಳ ಮೇಲೆ ಬಿಳಿ ಪುಡಿ ಎದ್ದಿತ್ತು. ಮೊದಲು ಬೂಷ್ಟು ಎಂದುಕೊಂಡೆ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಮಣ್ಣು ಒಣಗುವಾಗ ಒಳಗಿನ ನೀರು ಹೊರಗೆ ಬರುತ್ತದೆ, ಬರುವಾಗ ಕರಗಿದ ಉಪ್ಪನ್ನೂ ತಂದು ಮೇಲೆ ಬಿಟ್ಟು ಆರಿಹೋಗುತ್ತದೆ. ಆಮೇಲೆ ಬಿರುಕು ಬಿಡತೊಡಗಿತು. ಮಣ್ಣು ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ, ಆದ್ದರಿಂದ ಬಿರಿಯಲೇಬೇಕು. ತಪ್ಪಾಯಿತೆಂದು ಒದ್ದೆ ಬಟ್ಟೆ ಹಿಡಿದು ಒರೆಸಲು ಹೊರಟೆ. ಕಾಲೇಜಿನ ನಮ್ಮ ಸರ್ ತಡೆದರು. "ಒರೆಸಬೇಡ. ಇನ್ನು ನಿನ್ನ ಕೆಲಸ ಏನಿಲ್ಲ, ಅದೇ ಮಾಡ್ಕೊಳ್ತಾ ಇದೆ" ಎಂದರು. ನಲವತ್ತು ವರ್ಷ ಬಿಸಿನೀರು, ಸೋಡಾ ಪುಡಿಯಲ್ಲಿ ನೆಂದು ಬಿಳುಚಿ ಬಿರಿದ ಅಪ್ಪಯ್ಯನ ಕೈಯನ್ನು ನಾನು ದಿನವೂ ನೋಡಿದ್ದೆ, ಆದರೆ ಮಾಡಿರಲಿಲ್ಲ. ಮೀಠ್ ಬಂದರಿನ ಕೆಸರು ಅದನ್ನು ಮಾಡಿತು.

ವಾರ್ಷಿಕ ಪ್ರದರ್ಶನಕ್ಕೆ ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಬಿರುಕು ಬಿಟ್ಟ ಕೈಯ ಸುತ್ತ ಒಂದು ಸುತ್ತು ಬಂದರು. ತಮ್ಮ ಬಲಗೈ ಎತ್ತಿ, ಬೆರಳು ಬಿಡಿಸಿ, ಪಕ್ಕದಲ್ಲಿಟ್ಟು ಅಳೆದರು. "ನಾಲ್ಕೇಯಾ? ನಾನ್ ಆರ್ ಹಿಡಿತಿದ್ದೆ ಹೆಣೆ" ಎಂದರು.

ಈಗ ಓದುಗರಲ್ಲಿ ಒಂದು ಕೋರಿಕೆ. ಬೈಕುಲಾದ ರಾಣಿಬಾಗಿನಲ್ಲಿ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ, 1872ರಲ್ಲಿ ತೆರೆದದ್ದು, ಮುಂಬಯಿಯ ಅತ್ಯಂತ ಹಳೆಯ ಮ್ಯೂಸಿಯಂ. ಮಕ್ಕಳಿಗೆ ಪ್ರಾಣಿ ತೋರಿಸಲು ರಾಣಿಬಾಗಿಗೆ ಹೋಗುವ ನಾವು ಪಕ್ಕದ ಈ ಕಟ್ಟಡವನ್ನು ದಾಟಿಕೊಂಡೇ ಹೋಗುತ್ತೇವೆ. 2010ರಲ್ಲಿ ಸುದರ್ಶನ್ ಶೆಟ್ಟಿ ಅವರ, 2011ರಲ್ಲಿ ತಲ್ಲೂರರ ಪ್ರದರ್ಶನ ನಡೆದದ್ದು ಇಲ್ಲೇ. ಈಗಲೂ ಇವತ್ತಿನ ಕಲಾವಿದರ ಪ್ರದರ್ಶನಗಳು ಇಲ್ಲಿ ನಡೆಯುತ್ತಿರುತ್ತವೆ. ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಯಾತ್ರೆ, ಒಂದು ವಿಹಾರ ಇಟ್ಟುಕೊಳ್ಳುತ್ತವೆ. ಈ ಸಲ ಒಂದು ಬೆಳಗ್ಗೆಯನ್ನು ಇದಕ್ಕೆ ಕೊಡಿ. ಬೇಕಾದರೆ ನಾನೇ ಬಂದು ಕನ್ನಡದಲ್ಲಿ ವಿವರಿಸುತ್ತೇನೆ, ನನ್ನ ಸಹಪಾಠಿಗಳನ್ನೂ ಕರೆತರುತ್ತೇನೆ. ಹೋಟೆಲಿನಲ್ಲಿ ದುಡಿದವರನ್ನು, ಹೊಲಿಗೆ ಹಾಕುವವರನ್ನು, ಕಟ್ಟಡದ ಕೆಲಸದವರನ್ನು ತಪ್ಪದೆ ಕರೆಯಿರಿ. ವಸ್ತು ಅವರ ಜೊತೆ ಬೇಗ ಮಾತಾಡುತ್ತದೆ.

ಒಳಗೆ ಹೋಗುವ ಮೊದಲು ಹೊರಗಿನ ಕಲ್ಲಾನೆಯ ಹತ್ತಿರ ಸ್ವಲ್ಪ ನಿಲ್ಲಿ. ಘಾರಾಪುರಿಯ ದಡದಲ್ಲಿದ್ದ ಈ ಆನೆಯನ್ನು ನೋಡಿಯೇ ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತಿದಾಗ ಕ್ರೇನು ಮುರಿದು ಆನೆ ಚೂರಾಯಿತು. ಚೂರುಗಳನ್ನು ಇಲ್ಲಿಗೆ ತಂದರು, 1914ರಲ್ಲಿ ಮತ್ತೆ ಜೋಡಿಸಿದರು. ಜೋಡಿಸಿದ ಗೆರೆಗಳು ಹತ್ತಿರ ಹೋದರೆ ಕಾಣುತ್ತವೆ. ಥಾಣೆಯಿಂದ ಹೊರಡುವ ಫಾಸ್ಟ್ ಲೋಕಲ್ ಬೈಕುಲಾದಲ್ಲಿ ನಿಲ್ಲುತ್ತದೆ, ಪೂರ್ವದ ಕಡೆ ಇಳಿದು ನಡೆದರೆ ಆಯಿತು. ಬುಧವಾರ ಮ್ಯೂಸಿಯಂಗೆ ರಜೆ.